ಸೂಜಿಯಕ್ಕನ ಬಲಗಾಲು

ನನ್ನ ಅಕ್ಕನನ್ನು ಹೆಸರು ಹಿಡಿದು ಕರೆಯುವವರು ಈಗ ಯಾರೂ ಇಲ್ಲ. ಅರ್ಧ ಊರಿಗೆ ಅವಳು ಸೂಜಿಯಕ್ಕ. ಮನೆಯಿಂದ ಹೊರಗೆ ಕಾಲಿಡಲಾಗದ ಮುದುಕರು, ಹಾಸಿಗೆ ಹಿಡಿದವರು, ಬಾಣಂತಿಯರು, ಇಂಥವರ ಬಾಗಿಲಿಗೇ ಹೋಗಿ ಪರೀಕ್ಷೆಗೆ ರಕ್ತ ತೆಗೆದು, ಐಸ್ ಪೆಟ್ಟಿಗೆಯಲ್ಲಿಟ್ಟು, ಗುಡ್ಡದ ಮೇಲಿರುವ ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ಅವಳು ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಎಲ್ಲರೂ ಹೊಗಳುತ್ತಾರೆ. ಅದರ ಗುಟ್ಟು ನನಗೆ ಗೊತ್ತು. ಸೂಜಿ ಕೈಗೆತ್ತಿಕೊಳ್ಳುವ ಮೊದಲು ಅವಳು ಮುದುಕಿಯರ ಹತ್ತಿರ ಸೊಸೆಯ ವಿಚಾರ ಕೇಳುತ್ತಾಳೆ. ಸೊಸೆಯ ವಿಚಾರಕ್ಕೆ ಬಾಯಿಬಿಟ್ಟ ಮೇಲೆ ಸೂಜಿಯೇನು, ಕೊಡಲಿ ಬಿದ್ದರೂ ಯಾವ ಅತ್ತೆಗೂ ತಿಳಿಯುವುದಿಲ್ಲ.

ಈ ಕೆಲಸದಲ್ಲಿ ಅವಳ ಜೊತೆಗಾರನೆಂದರೆ ಒಂದು ಹಳೆಯ ಕಾರು. ಒಂದು ಕಾಲದಲ್ಲಿ ಅದರ ಬಣ್ಣ ನೀಲಿ ಇತ್ತು. ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ ಮುಳ್ಳು ಸತ್ತು ಯಾವ ಕಾಲವಾಯಿತೋ. ಹಿಂದಿನ ಒಂದು ಬಾಗಿಲು ಒಳಗಿನಿಂದ ತೆರೆಯುವುದೇ ಇಲ್ಲ, ಯಾರಾದರೂ ಇಳಿದು ಹೊರಗಿನಿಂದ ಬಿಡಿಸಬೇಕು. ಆದರೂ ಅಕ್ಕ ಅದನ್ನು ಒಂದು ದಿನವೂ ಬೈದವಳಲ್ಲ. ನಮ್ಮ ವಂಶದಲ್ಲೇ ಮೊದಲು ಸ್ಟೀರಿಂಗ್ ಹಿಡಿದ ಹೆಂಗಸು ಅವಳು. ಹಿಡಿದ ದಿನದಿಂದ ಇವತ್ತಿನವರೆಗೆ ಒಂದು ಕೋಳಿಗೂ ತಾಗಿಸಿಲ್ಲ.

ಅಂಥ ಕಾರು ಇದ್ದಕ್ಕಿದ್ದಂತೆ ಹಟ ಹಿಡಿಯಿತು. ಬೆಳಿಗ್ಗೆ ನೆಟ್ಟಗೇ ಹೊರಡುತ್ತದೆ. ಮನೆಮನೆ ಸುತ್ತಿ, ಪೆಟ್ಟಿಗೆ ತುಂಬಿಸಿಕೊಂಡು, ಲ್ಯಾಬಿನ ಏರು ಹತ್ತುವ ಹೊತ್ತಿಗೆ ಅದರ ಕಸುವೆಲ್ಲ ಇಳಿದುಹೋಗುತ್ತದೆ. ಆಕ್ಸಲರೇಟರ್ ಒತ್ತಿದಷ್ಟೂ ಸೊರಗಿ, ಒಂದೆರಡು ಸಲ ಕೆಮ್ಮಿ, ನಿಂತೇಬಿಡುತ್ತದೆ. ಆಮೇಲೆ ಕೀಲಿ ಎಷ್ಟು ತಿರುಗಿಸಿದರೂ ಕರಕರ ಎನ್ನುತ್ತದೆಯೇ ಹೊರತು ಇಂಜಿನ್ ಹತ್ತಿಕೊಳ್ಳುವುದಿಲ್ಲ. ಒಂದಷ್ಟು ಹೊತ್ತು ರಸ್ತೆ ಬದಿಯಲ್ಲಿ ಬಿಟ್ಟರೆ, ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಅಷ್ಟರಲ್ಲಿ ಐಸು ನೀರಾಗಿ, ಲ್ಯಾಬಿನವರ ಫೋನು ಬಂದು, ಅಕ್ಕನ ಮುಖ ಸಣ್ಣದಾಗಿರುತ್ತದೆ.

ವಿಚಿತ್ರವೇನೆಂದರೆ, ಇದೆಲ್ಲ ಅಕ್ಕನ ಕೈಯಲ್ಲಿ ಮಾತ್ರ.

ಭಾವ ಒಂದು ಭಾನುವಾರ ತಾವೇ ಕಾರು ತೆಗೆದುಕೊಂಡು ಹೋದರು. ಭಾವ ಅಂದರೆ ಅಕ್ಕನ ಗಂಡ, ಪ್ಲಂಬರ್. ಸೋರುವುದನ್ನು ಕಂಡರೆ ಅವರಿಗೆ ಊಟ ಸೇರುವುದಿಲ್ಲ. ನಮ್ಮ ಮನೆಗೆ ಬಂದರೆ ಕುಶಲ ಕೇಳುವ ಮೊದಲು ಬಚ್ಚಲಿಗೆ ಹೋಗಿ ನಲ್ಲಿ ಬಿಗಿಯಾಗಿದೆಯೇ ನೋಡಿ ಬರುತ್ತಾರೆ. ಕೆಲಸದಲ್ಲಿ ಅಷ್ಟು ಗಟ್ಟಿಗರಾದ್ದರಿಂದ ಮಾತಿನಲ್ಲಿಯೂ ತಮ್ಮದೇ ಕೊನೆಯ ಮಾತು ಆಗಬೇಕು. ಅವತ್ತು ಮೂಲೆಯ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿಕೊಂಡೇ ಹೊರಟರು. ಮುಳ್ಳು ಸತ್ತ ಗಾಡಿಯನ್ನು ನಂಬಿ ಏರು ಹತ್ತುವ ಜಾಯಮಾನ ಅವರದಲ್ಲ. ನೆಟ್ಟಗೆ ಲ್ಯಾಬಿನವರೆಗೆ ಹೋಗಿ, ತಿರುಗಿಸಿಕೊಂಡು, ಹಾಡು ಗುನುಗುತ್ತಾ ವಾಪಸು ಬಂದರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾಡಿ ಕುದುರೆ ಥರ ಇದೆ ಕಣೇ" ಎಂದು ಕೀಲಿಯನ್ನು ಅಕ್ಕನ ಮುಂದೆ ಇಟ್ಟರು.

ಬೇರೆ ದಿನವಾಗಿದ್ದರೆ ಅಕ್ಕ ಅದಕ್ಕೆ ಬಡ್ಡಿ ಸೇರಿಸಿ ಉತ್ತರ ಕೊಡುತ್ತಿದ್ದಳು. ಅವತ್ತು ಕೀಲಿ ತೆಗೆದುಕೊಂಡು ಒಳಗೆ ಹೋದಳು. ನನಗೆ ಅದು ಸರಿ ಕಾಣಲಿಲ್ಲ.

ಮಾರನೆಯ ದಿನ ಕಾರು ಕಡ್ಡಿ ಮೇಸ್ತ್ರಿಯ ಗ್ಯಾರೇಜಿಗೆ ಹೋಯಿತು. ಆತನಿಗೆ ಆ ಅಡ್ಡಹೆಸರು ಬಂದದ್ದಕ್ಕೆ ಕಾರಣವಿದೆ. ಹೊಸದಾಗಿ ಕೆಲಸಕ್ಕೆ ಇಳಿದಾಗ, ಸ್ಟಾರ್ಟ್ ಆಗದ ಒಂದು ಕಾರಿನ ಇಂಜಿನ್ನನ್ನು ಬೆಳಗಿನಿಂದ ಸಂಜೆಯ ತನಕ ಬಿಚ್ಚಿ ಹರಡಿದ್ದನಂತೆ. ಕೊನೆಗೆ ನೋಡಿದರೆ ಟ್ಯಾಂಕಿನಲ್ಲಿ ಪೆಟ್ರೋಲೇ ಇರಲಿಲ್ಲ. ಅಂದಿನಿಂದ ಯಾವ ಗಾಡಿ ಬಂದರೂ, ಸ್ಪ್ಯಾನರ್ ಮುಟ್ಟುವ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು, ಒಂದು ಉದ್ದನೆಯ ಕಡ್ಡಿ ಇಳಿಬಿಟ್ಟು, ಪೆಟ್ರೋಲ್ ಎಷ್ಟಿದೆಯೆಂದು ನೋಡಿಕೊಳ್ಳುತ್ತಾನೆ. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿದನಂತೆ. ಆತನ ಕೆಲಸವೇನೋ ಅಚ್ಚುಕಟ್ಟು. ಪ್ಲಗ್ ಬದಲಾಯಿಸಿದ, ಕಾರ್ಬರೇಟರ್ ಬಿಚ್ಚಿ ತೊಳೆದ, ಪೆಟ್ರೋಲ್ ಫಿಲ್ಟರ್ ಹೊಸದು ಹಾಕಿದ, ಪಂಪನ್ನು ಎರಡೆರಡು ಸಲ ನೋಡಿದ. ಪ್ರತಿ ಸಲವೂ ಮೊದಲು ಕಡ್ಡಿ, ಆಮೇಲೆ ಕೆಲಸ, ಆಮೇಲೆ ಒಂದು ಸುತ್ತು ಓಡಿಸಿ ನೋಡುವುದು. ಪ್ರತಿ ಸಲವೂ ಕಾರು ಚಿನ್ನದಂತೆ ಓಡಿತು. ಅಕ್ಕನ ಕೈಗೆ ಬಂದು ಲ್ಯಾಬಿನ ಏರು ಕಂಡ ಕೂಡಲೇ ಮತ್ತೆ ಅದೇ ರಾಗ.

ಕೊನೆಗೆ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಹೇಳಿದ, "ಗಾಡೀಲಿ ಏನೂ ಇಲ್ಲಕ್ಕಾ. ಏರಲ್ಲಿ ನೀವು ಆಕ್ಸಲರೇಟರ್ ಪೂರ್ತಿ ಒತ್ತುತ್ತಿಲ್ಲ ಅನ್ಸುತ್ತೆ. ಕಾಲು ಸ್ವಲ್ಪ ಗಟ್ಟಿಯಾಗಿ ಊರಿ ನೋಡಿ."

ಆತ ಹೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಗಾಡಿ ಸರಿಯಿದ್ದರೆ ಓಡಿಸುವವರನ್ನು ಅನುಮಾನಿಸಬೇಕಾದದ್ದೇ. ಆದರೆ ಆ ಮಾತು ಎಲ್ಲಿಗೆ ಹೋಗಿ ನಾಟಿತೆಂದು ಆತನಿಗೂ ಗೊತ್ತಿಲ್ಲ, ಭಾವನಿಗೂ ಗೊತ್ತಿಲ್ಲ.

ನನಗೆ ಗೊತ್ತಾದದ್ದು ಅವತ್ತು ಮಧ್ಯಾಹ್ನ. ನಾನು ಬಟ್ಟೆ ಹೊಲಿಯುವವಳು. ಅಕ್ಕನ ಮನೆಯ ಪಕ್ಕದಲ್ಲೇ ನನ್ನ ಅಂಗಡಿ. ಹರಿದದ್ದಕ್ಕೆ ತೇಪೆ, ಸಡಿಲವಾದದ್ದಕ್ಕೆ ಬಿಗಿ, ಬಿಗಿಯಾದದ್ದಕ್ಕೆ ಸಡಿಲ, ಇದೇ ನನ್ನ ವ್ಯಾಪಾರ. ಅಕ್ಕ ಬಂದು ನೇತುಹಾಕಿದ ಪ್ಯಾಂಟುಗಳ ಕೆಳಗಿನ ಸ್ಟೂಲಿನ ಮೇಲೆ ಕೂತಳು. ಹೊಲಿಗೆ ಯಂತ್ರ ತುಳಿಯುತ್ತಿದ್ದ ನನ್ನ ಕಾಲನ್ನೇ ನೋಡುತ್ತಿದ್ದಳು.

"ನಿನ್ನ ಕಾಲು ಸರಿಯಾಗಿದೆಯಾ?" ಎಂದು ಕೇಳಿದಳು.

"ಯಾಕೆ, ನನ್ನ ಕಾಲಿಗೇನಾಗಿದೆ?"

"ನಿನ್ನದಕ್ಕಲ್ಲ ಕಣೇ. ನನ್ನದಕ್ಕೆ."

ನನ್ನ ಯಂತ್ರ ನಿಂತಿತು. ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ. ನಮ್ಮ ಅಮ್ಮನಿಗೆ ಬಂದದ್ದು ನರದ ಕಾಯಿಲೆ. ಮೊದಲು ಬಲಗಾಲಿನ ಚಪ್ಪಲಿ ದಾರಿಯಲ್ಲೇ ಕಳಚಿ ಬೀಳುತ್ತಿತ್ತು, ಬಿದ್ದದ್ದು ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ನಾವಿಬ್ಬರೂ ಅದನ್ನು ನೋಡಿ ನಕ್ಕವರು. ಆಮೇಲೆ ಬಲಗಾಲು, ಆಮೇಲೆ ಎಡಗಾಲು, ಆಮೇಲೆ ಕುರ್ಚಿ. ಕುರ್ಚಿಯಿಂದ ಅಮ್ಮ ಮತ್ತೆ ಏಳಲಿಲ್ಲ. ಮಕ್ಕಳಿಗೆ ಬರಲೂಬಹುದು, ಬರದೆಯೂ ಇರಬಹುದು ಎಂದಿದ್ದರು ಡಾಕ್ಟರು. ಅಕ್ಕನಿಗೆ ಈಗ ಸರಿಯಾಗಿ ಅಮ್ಮನಿಗೆ ಶುರುವಾದ ವಯಸ್ಸು.

"ನಾನು ಒತ್ತುತ್ತಾ ಇದೀನಿ ಅಂತಲೇ ಅನ್ಸುತ್ತೆ. ಆದ್ರೆ ಗಾಡಿ ಹೋಗಲ್ಲ. ಅವರು ಒತ್ತಿದ್ರೆ ಹೋಗುತ್ತೆ, ಮೇಸ್ತ್ರಿ ಒತ್ತಿದ್ರೂ ಹೋಗುತ್ತೆ. ಹಾಗಾದ್ರೆ ನಾನು ಒತ್ತೇ ಇಲ್ಲ ಅಂತ ತಾನೇ ಅರ್ಥ? ಅಮ್ಮನಿಗೂ ಚಪ್ಪಲಿ ಕಾಲಲ್ಲೇ ಇದೆ ಅಂತ ಅನ್ಸ್ತಿತ್ತಲ್ಲ."

"ಸ್ಟಾರ್ಟ್ ಆಗದೆ ಇರೋದಕ್ಕೂ ನಿನ್ನ ಕಾಲೇ ಕಾರಣಾನಾ?" ಎಂದು ರೇಗಿದೆ.

"ಆಗ ಕೈಕಾಲೆಲ್ಲ ನಡುಗ್ತಾ ಇರುತ್ತೆ. ಏನು ಮಾಡ್ತೀನೋ ನನಗೇ ಗೊತ್ತಿರಲ್ಲ. ರಾತ್ರಿ ಮಲಗಿದ್ರೆ ಬಲಗಾಲು ಜೋಮು ಹಿಡಿದ ಹಾಗಿರುತ್ತೆ."

ದಿನವಿಡೀ ಅದನ್ನೇ ನೋಡುತ್ತಾ ಕೂತರೆ ಯಾರ ಕಾಲಾದರೂ ಜೋಮು ಹಿಡಿಯುತ್ತದೆ. ಅದನ್ನೇ ಹೇಳಿದೆ. ಡಾಕ್ಟರ ಹತ್ತಿರ ಹೋಗೋಣ ನಡಿ ಎಂದೂ ಹೇಳಿದೆ. ಊರವರ ರಕ್ತವನ್ನೆಲ್ಲ ಪರೀಕ್ಷೆಗೆ ಹೊತ್ತು ತಿರುಗುವವಳು ತನ್ನ ಕಾಲು ತೋರಿಸಲು ಸುತರಾಂ ಒಪ್ಪಲಿಲ್ಲ. "ಗೊತ್ತಾಗೋ ತನಕ ಇಲ್ಲ ಅಂದ್ಕೊಂಡಿರಬಹುದಲ್ಲ" ಎಂದಳು. ಮುಂದಿನ ವಾರ ಕೆಲಸ ಬಿಡುವುದಾಗಿ, ಕಾರು ಮುಟ್ಟುವುದಿಲ್ಲವೆಂದು, ಏರಿನಲ್ಲಿ ಯಾರ ಮೇಲಾದರೂ ಹಾಯಿಸುವ ಮೊದಲು ತಾನೇ ಇಳಿದುಬಿಡುವುದಾಗಿ ಹೇಳಿದಳು. ಭಾವನಿಗೆ ಹೇಳಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡಳು.

ಅವಳು ಹೋದ ಮೇಲೆ ನನಗೆ ಒಂದು ಗುಂಡಿಯನ್ನೂ ನೆಟ್ಟಗೆ ಹಚ್ಚಲಾಗಲಿಲ್ಲ. ಸುಳ್ಳು ಯಾಕೆ ಹೇಳಲಿ, ಹೆದರಿಕೆ ಅವಳೊಬ್ಬಳ ಬಗ್ಗೆ ಅಲ್ಲ. ಅಮ್ಮ ಅವಳಿಗೆಷ್ಟು ಅಮ್ಮನೋ ನನಗೂ ಅಷ್ಟೇ.

ಆದರೆ ಸುಮ್ಮನೆ ಕೂರುವುದು ನನ್ನ ಜಾತಕದಲ್ಲಿಲ್ಲ. ಆಣೆ ಮುರಿಯದೆ ಭಾವನನ್ನು ಆ ಕಾರಿನಲ್ಲಿ, ಆ ಏರಿನಲ್ಲಿ, ಅಕ್ಕ ಓಡಿಸುವಾಗಲೇ ಕೂರಿಸಬೇಕಿತ್ತು. ಲ್ಯಾಬಿನವರ ಬಿಳಿ ಕೋಟುಗಳು ರಿಪೇರಿಗೆ ನನ್ನಲ್ಲಿದ್ದವು. ಅವನ್ನು ತಲುಪಿಸುವ ನೆಪದಲ್ಲಿ ನಾನು ಹತ್ತಿದೆ. ಲ್ಯಾಬಿನ ಸಿಂಕು ಸೋರುತ್ತಿದೆಯಂತೆ ಎಂದು ಭಾವನ ಕಿವಿಗೆ ಹಾಕಿದೆ. ಅಷ್ಟು ಸಾಕಾಯಿತು, ಅವರು ಚೀಲ ಹಿಡಿದು ಮುಂದಿನ ಸೀಟಿನಲ್ಲಿ ಕೂತಿದ್ದರು.

ಪೆಟ್ರೋಲನ್ನು ಅಕ್ಕ ಹಿಂದಿನ ದಿನವೇ ತುಂಬಿಸಿದ್ದಳು. ಹಾಗಾಗಿ ಬಂಕಿಗೆ ಹೋಗಲಿಲ್ಲ, ನೇರವಾಗಿ ಮನೆಗಳಿಗೆ ಹೋದೆವು. ಮಹಡಿ ಮೆಟ್ಟಿಲು, ನಾಯಿ ಕಟ್ಟಿದ ಗೇಟು, ಔಷಧಿ ವಾಸನೆಯ ಕೋಣೆಗಳು. ಅಕ್ಕ ಹೋಗಿ ಬಂದ ಹಾಗೆಲ್ಲ ಪೆಟ್ಟಿಗೆ ನನ್ನ ತೊಡೆಯ ಮೇಲೆ ಭಾರವಾಗುತ್ತಾ ಬಂತು. ಮೇಸ್ತ್ರಿಯ ಕಡ್ಡಿಯೂ ಇಲ್ಲ, ಭಾವನ ಬಂಕೂ ಇಲ್ಲ. ಅಕ್ಕ ದಿನವೂ ಹೇಗೆ ಹೋಗುತ್ತಾಳೋ ಹಾಗೆಯೇ ಹೋದೆವು. ಬಿಸಿಲೇರುವ ಹೊತ್ತಿಗೆ ಗುಡ್ಡದ ಬುಡ ಸೇರಿದೆವು.

ಏರು ಅರ್ಧವಾಗುವಷ್ಟರಲ್ಲಿ ಶುರುವಾಯಿತು. ಇಂಜಿನ್ನಿನ ಸದ್ದು ತೆಳ್ಳಗಾಯಿತು. ಅಕ್ಕನ ಕುತ್ತಿಗೆಯ ಹಿಂದೆ ಬೆವರಿಳಿಯುವುದು ನನಗೆ ಕಾಣಿಸುತ್ತಿತ್ತು.

"ಒತ್ತು" ಎಂದರು ಭಾವ.

"ಒತ್ತಿದೀನಿ."

"ಇನ್ನೂ ಒತ್ತು."

ಕಾರು ಕೆಮ್ಮಿ ನಿಂತಿತು. ಕೀಲಿ ತಿರುಗಿಸಿದರೆ ಕರಕರ. ಅಕ್ಕ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, "ನೀವೇ ಕೂತ್ಕೊಳ್ಳಿ. ನನ್ನಿಂದ ಆಗಲ್ಲ" ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಅಮ್ಮ ಹೋದ ದಿನ ಕೇಳಿದ್ದೆ.

ಇಬ್ಬರೂ ಜಾಗ ಬದಲಾಯಿಸಿದರು. ಸ್ವಲ್ಪ ಹೊತ್ತು ಕಾದ ಮೇಲೆ, ಭಾವ ಕೀಲಿ ತಿರುಗಿಸಿ ತಿರುಗಿಸಿ ಸಾಕಾಗುವಷ್ಟರಲ್ಲಿ, ಇಂಜಿನ್ ಹತ್ತಿಕೊಂಡಿತು. ಅವರು ಅಕ್ಕನ ಕಡೆ ನೋಡಿ ಮೀಸೆಯಡಿಯಲ್ಲಿ ನಕ್ಕರು. ಕಾರು ಮುಂದಕ್ಕೆ ಹೋಯಿತು. ಅಕ್ಕ ಕಣ್ಣು ಮುಚ್ಚಿಕೊಂಡಳು. ನನಗೆ ಪೆಟ್ಟಿಗೆಯನ್ನು ಎತ್ತಿ ಹೊರಗೆ ಎಸೆಯುವಷ್ಟು ಸಂಕಟವಾಯಿತು.

ಒಂದು ತಿರುವು ದಾಟಿತು. ಎರಡನೆಯ ತಿರುವಿಗೆ ಸದ್ದು ಮತ್ತೆ ತೆಳ್ಳಗಾಯಿತು. ಭಾವನ ನಗು ಹೋಯಿತು. ಅವರು ಸೀಟಿನಿಂದ ಅರ್ಧ ಎದ್ದು ತುಳಿದರು.

"ಹೋಗ್ತಿಲ್ವಲ್ಲೇ ಇದು."

ಅಕ್ಕ ಕಣ್ಣು ಬಿಟ್ಟಳು. ಬಗ್ಗಿ ಅವರ ಕಾಲನ್ನೇ ನೋಡಿದಳು. "ಒತ್ತಿದೀರಾ?"

"ನೆಲಕ್ಕೆ ಮುಟ್ಟಿದೆ ಕಣೇ."

"ಪೂರ್ತಿ?"

"ಪೂರ್ತಿ ಅಂದ್ರೆ ಪೂರ್ತಿ. ಇನ್ನು ಒತ್ತಿದ್ರೆ ಕಾಲು ರಸ್ತೆಗೆ ಬರುತ್ತೆ."

ಕಾರು ಸೊರಗಿ ನಿಂತಿತು. ನಡುರಸ್ತೆಯ ಏರು, ಕರಗುವ ಐಸು, ಹಿಂದೆ ಹಾರನ್ ಹೊಡೆಯುವ ಲಾರಿ. ಇಷ್ಟರ ನಡುವೆ ನನ್ನ ಅಕ್ಕ ನಗಲು ಶುರುಮಾಡಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೂ ತಡೆಯಲಾಗಲಿಲ್ಲ. ಗಾಡಿ ಕೆಟ್ಟು ನಿಂತದ್ದಕ್ಕೆ ಇಬ್ಬರು ಹೆಂಗಸರು ಇಷ್ಟು ಸಂತೋಷಪಟ್ಟದ್ದನ್ನು ಭಾವ ತಮ್ಮ ಜೀವಮಾನದಲ್ಲಿ ಕಂಡಿರಲಾರರು. ಹೋದ ಜೀವ ಬಂದಂತಾಯಿತು ಅನ್ನುತ್ತಾರಲ್ಲ, ನನಗೆ ಅಂದು ಅದು ಎದೆಯೊಳಗೇ ತಿಳಿಯಿತು. ನೆಲವೇ ಡೊಂಕಾಗಿತ್ತು, ಕುಣಿಯುವವಳದೇನೂ ತಪ್ಪಿರಲಿಲ್ಲ.

"ಇಬ್ಬರಿಗೂ ತಲೆ ಕೆಟ್ಟಿದೆ" ಎಂದು ಭಾವ ಇಳಿದರು. ಕಾರನ್ನು ಬದಿಗೆ ತಳ್ಳಿ ಚಕ್ರಕ್ಕೆ ಕಲ್ಲು ಕೊಟ್ಟರು. "ಪೆಟ್ರೋಲ್ ತುಂಬಿಸಿದ್ದು ನಿಜ ತಾನೇ?"

"ಬೇಕಾದ್ರೆ ನೋಡಿ" ಎಂದು ಅಕ್ಕ ಇನ್ನೂ ನಗುತ್ತಲೇ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಅದು ಜಗ್ಗಲಿಲ್ಲ. ಸೆರಗಿನ ತುದಿ ಸುತ್ತಿ ಬಲವಾಗಿ ತಿರುಗಿಸಿದಳು. ಉಸ್ಸೆಂದು ಒಂದು ಉದ್ದನೆಯ ಸದ್ದು ಬಂತು. ಟ್ಯಾಂಕು ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತಿತ್ತು.

ಆ ಸದ್ದಿಗೆ ಭಾವ ನಿಂತಲ್ಲೇ ನಿಂತರು. ಅಕ್ಕನ ಕೈಯಿಂದ ಮುಚ್ಚಳ ತೆಗೆದುಕೊಂಡು ಮಗುಚಿ ನೋಡಿದರು. ಆಮೇಲೆ ಹೋಗಿ ಕೀಲಿ ತಿರುಗಿಸಿದರು. ಇಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡು ಗುಡುಗಿತು. ಅದನ್ನು ಆರಿಸಿ, ಇಳಿದು ಬಂದು, ಮುಚ್ಚಳವನ್ನು ಹಿಡಿದುಕೊಂಡೇ ಬಾನೆಟ್ಟಿಗೆ ಒರಗಿ ನಿಂತರು.

"ಇದು ನಾನು ಮಾಡಿದ್ದು" ಎಂದರು.

ಮುಚ್ಚಳದ ನಡುವೆ, ಪೈಪಿನ ಸಂದಿಗೆ ಮೆತ್ತುವ ಪುಟ್ಟಿಯ ಒಂದು ಬಿಲ್ಲೆ, ಅಂಚಿಗೆ ಸುತ್ತಲೂ ಬಿಳಿ ಟೇಪು. ಕಾರಿನೊಳಗೆ ಪೆಟ್ರೋಲ್ ವಾಸನೆ ಬರುತ್ತದೆಂದು ಅಕ್ಕನೇ ಒಮ್ಮೆ ದೂರಿದ್ದಳಂತೆ. ಭಾವ ಬಂದು ನೋಡಿದರೆ ಮುಚ್ಚಳದಲ್ಲಿ ಒಂದು ತೂತು. ಅವರ ಕಣ್ಣಿಗೆ ತೂತು ಎಂದರೆ ಮುಚ್ಚಬೇಕಾದದ್ದು. ಪುಟ್ಟಿ ನಾದಿ ಮೆತ್ತಿದರು, ಟೇಪು ಸುತ್ತಿದರು, ಮರೆತರು. ದಿನಕ್ಕೆ ಹತ್ತಾರು ತೂತು ಮುಚ್ಚುವವರು ಯಾವುದನ್ನೆಂದು ನೆನಪಿಡುತ್ತಾರೆ?

"ಮನೆ ಮೇಲಿನ ನೀರಿನ ಟ್ಯಾಂಕಿಗೆ ಗಾಳಿ ಪೈಪ್ ಬಿಡ್ಲಿಲ್ಲ ಅಂದ್ರೆ ನೀರು ಕೆಳಗಿಳಿಯಲ್ಲ ಅಂತ ಊರಿಗೆಲ್ಲ ಹೇಳೋನು ನಾನು" ಎಂದರು ಭಾವ, ಮುಚ್ಚಳಕ್ಕೇ ಹೇಳುವಂತೆ. "ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ನಾನು ಅದರ ಮೂಗೇ ಮುಚ್ಚಿಬಿಟ್ಟೆ."

ಆಗ ಎಲ್ಲವೂ ಒಂದಕ್ಕೊಂದು ಕೂಡಿಬಂತು. ಭಾನುವಾರ ಭಾವ ಹೊರಟಾಗ ಬಂಕಿನವನು ಮುಚ್ಚಳ ತೆಗೆದಿದ್ದ. ಮೇಸ್ತ್ರಿ ಕಡ್ಡಿ ಇಳಿಸಲು ಮುಚ್ಚಳ ತೆಗೆಯುತ್ತಿದ್ದ. ಕಾಯಿಲೆ ಹುಡುಕಲು ಹೋದ ಪ್ರತಿಯೊಬ್ಬರೂ ಮೊದಲು ಕಾಯಿಲೆಯನ್ನು ವಾಸಿಮಾಡಿ, ಆಮೇಲೆ ಹುಡುಕಿ, ಏನೂ ಇಲ್ಲ ಎನ್ನುತ್ತಿದ್ದರು. ಬೆಳಗಿನಿಂದ ಮುಚ್ಚಳ ಮುಟ್ಟದೆ ಓಡಿಸುತ್ತಿದ್ದವಳು ಅಕ್ಕ ಒಬ್ಬಳೇ.

ಬಯ್ಯುತ್ತಾಳೆಂದು ಭಾವ ಕಾದರು. ಅವಳು ಬೈಯಲಿಲ್ಲ. ಕಲ್ಲಿನ ಮೇಲೆ ಕೂತು ಕಣ್ಣೊರೆಸಿಕೊಂಡಳು. "ನಾನು ಅಮ್ಮನ ಕಾಯಿಲೆ ಅಂದ್ಕೊಂಡಿದ್ದೆ ರೀ" ಎಂದು, ಇಷ್ಟು ದಿನ ಮುಚ್ಚಿಟ್ಟದ್ದನ್ನೆಲ್ಲ ರಸ್ತೆಯ ಬದಿಯಲ್ಲಿ ಬಿಚ್ಚಿ ಹೇಳಿದಳು. ಜೋಮು ಹಿಡಿಯುವುದು, ರಾತ್ರಿ ನಿದ್ದೆ ಬಾರದ್ದು, ಕೆಲಸ ಬಿಡಬೇಕೆಂದದ್ದು, ಎಲ್ಲ.

ಭಾವನ ಮುಖ ಬೆಳ್ಳಗಾಯಿತು. "ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನನಗೂ ಪುಟ್ಟಿ ಮೆತ್ತುತ್ತಿದ್ರಿ."

ನಾನು ನಕ್ಕೆ. ಅವರು ನಗಲಿಲ್ಲ. "ಯಾವ ಕಾಲು?" ಎಂದು ಕೇಳಿದರು.

"ಬಲಗಾಲು."

ಅವರು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತರು. ಪೈಪಿನ ಕೂಡಿಕೆಯಲ್ಲಿ ಹನಿ ಬರುತ್ತದೆಯೇ ಎಂದು ನೋಡುವಾಗ ಎಷ್ಟು ಹೊತ್ತು ಕೂರುತ್ತಾರೋ ಅಷ್ಟು ಹೊತ್ತು ಆ ಕಾಲನ್ನು ನೋಡಿದರು. ಚಪ್ಪಲಿ ತೆಗೆಸಿ, ಅಂಗಾಲಿಗೆ ತಮ್ಮ ಅಂಗೈ ಕೊಟ್ಟು, "ಒತ್ತು" ಎಂದರು. ಅಕ್ಕ ಒತ್ತಿದಳು. ಭಾವ ಹಿಂದಕ್ಕೆ ಬಿದ್ದು ಮಣ್ಣಿನಲ್ಲಿ ಕೂತರು. ಹೋಗುತ್ತಿದ್ದ ಲಾರಿಯವನು ಕತ್ತು ಹೊರಗೆ ಹಾಕಿ ನೋಡಿದ.

"ಆದ್ರೂ ಡಾಕ್ಟರಿಗೆ ಒಂದ್ಸಲ ತೋರಿಸೋಣ" ಎಂದರು, ಬಟ್ಟೆ ಕೊಡವಿಕೊಂಡು ಏಳುತ್ತಾ.

"ತೋರಿಸೋಣ" ಎಂದಳು ಅಕ್ಕ. ಈ ಸಲ ಅವಳು ಹೆದರಿರಲಿಲ್ಲ.

"ಐಸು ಕರಗ್ತಿದೆ, ನಿಮ್ಮ ಸರಸ ಆಮೇಲೆ" ಎಂದು ನಾನು ಗದರಿದೆ. ಭಾವ ಟೇಪು ಬಿಚ್ಚಿ, ಸ್ಕ್ರೂಡ್ರೈವರಿನಿಂದ ಪುಟ್ಟಿ ಕೆರೆದು ತೆಗೆದು, ತೂತಿಗೆ ಕಣ್ಣಿಟ್ಟು ಆಕಾಶ ನೋಡಿ, ಮುಚ್ಚಳ ಹಾಕಿದರು. ಕೀಲಿಯನ್ನು ಅಕ್ಕನ ಕೈಗೆ ಕೊಟ್ಟು ತಾವು ಪಕ್ಕದ ಸೀಟಿನಲ್ಲಿ ಕೂತರು.

ಅಕ್ಕ ಕಾಲೂರಿದಳು. ಕಾರು ಏರನ್ನು ಒಂದೇ ಉಸಿರಿಗೆ ಹತ್ತತೊಡಗಿತು. ಮುಂದೆ ಅವರಿಬ್ಬರೂ ಲ್ಯಾಬಿನ ಸಿಂಕು ನಿಜವಾಗಿ ಸೋರುತ್ತದೆಯೋ ಇಲ್ಲವೋ ಎಂದು ಜಗಳ ಶುರುಮಾಡಿದ್ದರು. ಹಿಂದಿನ ಸೀಟಿನಲ್ಲಿ ನಾನು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಯಾರೂ ನೋಡುತ್ತಿಲ್ಲವೆಂದು ಖಚಿತಮಾಡಿಕೊಂಡು, ಚಪ್ಪಲಿ ಬಿಟ್ಟು ನನ್ನ ಕಾಲ್ಬೆರಳುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿಕೊಂಡೆ. ಹತ್ತೂ ಅಲ್ಲಾಡಿದವು.